4ಕೆ ಮಾನಿಟರ್ 30 ಹರ್ಟ್ಸ್‌ನಲ್ಲೇ ನಿಲ್ಲುವುದೇಕೆ?

ಹಳೆಯ ಲ್ಯಾಪ್‌ಟಾಪ್‌ಗೆ ಹೊಸ 4ಕೆ ಮಾನಿಟರನ್ನು ಎಚ್‌ಡಿಎಂಐ ಮೂಲಕ ಜೋಡಿಸಿದರೆ ಮೌಸ್‌ನ ಬಾಣ ತಡವರಿಸುತ್ತದೆ, ಬೆಂಗಳೂರಿನ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಗೆ ಹೋಗಿ ಬೇರೆ ಕೇಬಲ್ ತರಬೇಕೇ ಎಂದು ಕೇಳಿದ್ದೀರಿ. ಕೇಬಲ್ಲಿಗಿಂತ ಮೊದಲು ಲ್ಯಾಪ್‌ಟಾಪಿನ ಪೋರ್ಟನ್ನು ಪರಿಶೀಲಿಸಿ. 2009ರ ಎಚ್‌ಡಿಎಂಐ 1.4 ಮಾನಕವು 3840×2160 ಚಿತ್ರವನ್ನು ಸೆಕೆಂಡಿಗೆ ಸುಮಾರು 30 ಬಾರಿ (ಅಂದರೆ 30 ಹರ್ಟ್ಸ್) ಮಾತ್ರ ಕಳುಹಿಸಬಲ್ಲದು. 60 ಬಾರಿ ಕಳುಹಿಸಲು ಸೆಕೆಂಡಿಗೆ 18 ಗಿಗಾಬಿಟ್ ಸಾಮರ್ಥ್ಯದ, 2013ರಲ್ಲಿ ಬಂದ 2.0 ಬೇಕಾಗುತ್ತದೆ. ಎರಡರ ಪೋರ್ಟೂ ಒಂದೇ ಆಕಾರದ್ದಾದ್ದರಿಂದ ಕಣ್ಣಳತೆಯಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ, ತಯಾರಕರ ವಿವರಪಟ್ಟಿಯನ್ನೇ ನೋಡಬೇಕು. ಪೋರ್ಟ್ 1.4 ಆಗಿದ್ದರೆ ಎಷ್ಟೇ ದುಬಾರಿ ಕೇಬಲ್ ತಂದರೂ ಪ್ರಯೋಜನವಿಲ್ಲ.

ಲ್ಯಾಪ್‌ಟಾಪಿನಲ್ಲಿ ಮಾನಿಟರ್ ಜೋಡಿಸುವ ಇನ್ನೊಂದು ಬಗೆಯ ಪೋರ್ಟಾದ ಡಿಸ್‌ಪ್ಲೇಪೋರ್ಟ್ ಇದೆಯೇ ನೋಡಿ: ಅದರ ಪ್ಲಗ್ಗಿನ ಒಂದು ಮೂಲೆ ಮಾತ್ರ ಓರೆಯಾಗಿ ಕತ್ತರಿಸಿದಂತಿರುತ್ತದೆ, ಎಚ್‌ಡಿಎಂಐ ಪ್ಲಗ್ಗಿನ ಕೆಳಭಾಗವಾದರೋ ಎರಡೂ ಕಡೆ ಕಿರಿದಾಗಿರುತ್ತದೆ. ಡಿಸ್‌ಪ್ಲೇಪೋರ್ಟ್ 1.2 ಇದ್ದರೆ 4ಕೆ ಚಿತ್ರ 60 ಹರ್ಟ್ಸ್‌ನಲ್ಲಿ ನಿರಾತಂಕವಾಗಿ ಬರುತ್ತದೆ, ನನ್ನ ಮೊದಲ ಆಯ್ಕೆಯೂ ಅದೇ. 1999ರ ಡಿವಿಐ ಎಂಬ ಹಳೆಯ ಮಾನಿಟರ್ ಪೋರ್ಟ್ ಇಲ್ಲಿ ಉಪಯೋಗಕ್ಕೆ ಬಾರದು.

ಒಂದು ಎಚ್ಚರಿಕೆ ಅಗತ್ಯ. ಡಿಸ್‌ಪ್ಲೇಪೋರ್ಟ್ ದತ್ತಾಂಶವನ್ನು ಪ್ಯಾಕೆಟ್‌ಗಳಾಗಿ ಸಾಗಿಸುತ್ತದೆ, ಹಳೆಯ ಎಚ್‌ಡಿಎಂಐ ಆವೃತ್ತಿಗಳ ಸಂಕೇತಕ್ರಮವೇ ಬೇರೆ. ಆದ್ದರಿಂದ ಲ್ಯಾಪ್‌ಟಾಪಿನ ಎಚ್‌ಡಿಎಂಐಯಿಂದ ಮಾನಿಟರಿನ ಡಿಸ್‌ಪ್ಲೇಪೋರ್ಟಿಗೆ ಹೋಗಲು ಒಳಗೆ ಚಿಪ್ ಇರುವ ಪರಿವರ್ತಕವೇ ಬೇಕು. ಅಂಥದ್ದನ್ನು ಹಾಕಿದರೂ 1.4ರ ಮಿತಿ ಹಾಗೆಯೇ ಉಳಿಯುತ್ತದೆ.