‘ಇಗಾ ಬಂದೆ’ ಅಂದ ಮಾವ ಬಂದಿರಲಿಲ್ಲ

ಪ್ರಶ್ನೆ: ನನ್ನ ಮಗನಿಗೆ 13 ವರ್ಷ, ಎಂಟನೇ ತರಗತಿ. ಆಟಿಸಂ ಇದೆ. ಓದಿನಲ್ಲಿ ಚುರುಕು. ತುಂಗಭದ್ರಾ ಡ್ಯಾಮಿನ ಒಳಹರಿವು, ಹೊರಹರಿವು ದಿನಾ ಒಪ್ಪಿಸುತ್ತಾನೆ. ಆದರೆ ಅವನಿಗೆ ಎಲ್ಲವೂ ಸರಿ, ಇಲ್ಲವೇ ತಪ್ಪು. ನಡುವೆ ಏನೂ ಇಲ್ಲ. ಹೋದ ತಿಂಗಳು ನನ್ನ ತಮ್ಮ ಫೋನಿನಲ್ಲಿ ‘ಇಗಾ ಬಂದೆ’ ಅಂದು ಮುಕ್ಕಾಲು ತಾಸು ತಡವಾಗಿ ಬಂದ. ಇವನು ಅಷ್ಟೊತ್ತೂ ಬಾಗಿಲಲ್ಲೇ ನಿಂತಿದ್ದ. ಅಂದಿನಿಂದ ‘ಮಾವ ಸುಳ್ಳ ಹೇಳ್ಯಾನ’ ಎಂದು ಮಾತು ಬಿಟ್ಟಿದ್ದಾನೆ. ಎಲ್ಲರೂ ಹಟಮಾರಿ ಎನ್ನುತ್ತಾರೆ. ತಿದ್ದುವುದು ಹೇಗೆ?
— ಹೆಸರು ಬೇಡ, ಮುನಿರಾಬಾದ್, ಕೊಪ್ಪಳ ಜಿಲ್ಲೆ

ಉತ್ತರ: ತಾಯಿ, ಮೊದಲು ನಿಮ್ಮ ತಮ್ಮನ ಮಾತನ್ನೇ ನೋಡೋಣ. ‘ಬಂದೆ’ ಎಂದರೆ ಬಂದಾಯಿತು ಎಂದರ್ಥ. ನಮ್ಮಲ್ಲಿ ಇನ್ನೂ ಚಪ್ಪಲಿ ಮೆಟ್ಟದವರೂ ‘ಬಂದೆ’ ಅನ್ನುತ್ತಾರೆ, ಮನೆ ಬಿಟ್ಟು ಹೋಗುವವರು ‘ಬರ್ತೀನಿ’ ಅನ್ನುತ್ತಾರೆ. ಇದನ್ನು ನಮಗೆ ಯಾರೂ ಕೂಡಿಸಿಕೊಂಡು ಕಲಿಸಲಿಲ್ಲ, ಕೇಳಿ ಕೇಳಿ ತಿಳಿಯಿತು. ನಿಮ್ಮ ಮಗ ಮಾತನ್ನು ಇದ್ದಂತೆಯೇ ಹಿಡಿದ. ಅವನ ಲೆಕ್ಕ ತಪ್ಪಿಲ್ಲ.

ಇದು ಹಟವೂ ಅಲ್ಲ. ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ ಆಟಿಸಂ ಇದ್ದ 11 ಮಕ್ಕಳ ಬಗ್ಗೆ ಬರೆದಾಗಲೇ, ಎಲ್ಲವೂ ಇದ್ದ ಹಾಗೇ ಇರಬೇಕೆಂಬ ಅವರ ತವಕವನ್ನು ಗುರುತಿಸಿದ್ದರು. ಮುಂದೇನಾಗುತ್ತದೋ ಗೊತ್ತಿಲ್ಲದಿರುವುದು ಆಟಿಸಂ ಇರುವ ಅನೇಕರಿಗೆ ತಡೆಯಲಾಗದ ಕಳವಳ. ಸರಿ–ತಪ್ಪು ಎಂಬ ಎರಡೇ ಖಾನೆ ಅವರಿಗೆ ಕಾಲೂರಲು ಸಿಗುವ ಗಟ್ಟಿ ನೆಲ. ಕಳವಳ ಹೆಚ್ಚಿದಷ್ಟೂ ಹಿಡಿತ ಬಿಗಿಯಾಗುತ್ತದೆ. ಹಾಗಾಗಿ ಶಾಲೆಯಿಂದ ದಣಿದು ಬಂದವನ ಜೊತೆ ವಾದಕ್ಕೆ ಇಳಿಯಬೇಡಿ. ಹೊಲದ ಬದುವಿಗಾಗಿ ‘ಅವನ ಮಾರಿ ನೋಡಂಗಿಲ್ಲ’ ಎಂದು ವರ್ಷಗಟ್ಟಲೆ ಕೂತ ದೊಡ್ಡವರೂ ನಮ್ಮ ಊರುಗಳಲ್ಲಿ ಇದ್ದಾರಲ್ಲ, ಸಿಟ್ಟಿನಲ್ಲಿ ಎಲ್ಲರ ಮನಸ್ಸೂ ಹೀಗೇ.

ಅವನಿಗೆ ನಡುವಿನದು ಕಾಣುವುದಿಲ್ಲ ಎಂದಿರಿ. ಡ್ಯಾಮಿನ ಗೇಟು ತೆಗೆದಾರೋ ಮುಚ್ಚ್ಯಾರೋ ಎಂದು ಕೇಳಿ ನೋಡಿ. 33 ಗೇಟಿನಲ್ಲಿ ಎಷ್ಟು, ಎಷ್ಟು ಅಡಿ ಎಂದು ಅವನೇ ತಿರುಗಿ ಕೇಳಿಯಾನು. ಒಂದು ಅಡಿ ಎತ್ತಿದರೂ ತೆಗೆದಂತೆಯೇ, ಪೂರ್ತಿ ಎತ್ತಿದರೂ ತೆಗೆದಂತೆಯೇ. ನದಿಗೆ ಬೀಳುವ ನೀರು ಮಾತ್ರ ಬೇರೆ ಬೇರೆ. ಅಳತೆ ಇರುವಲ್ಲಿ ಅವನಿಗೆ ಎಲ್ಲವೂ ಕಾಣುತ್ತದೆ. ಮನುಷ್ಯರ ವಿಷಯ ಬಂದಾಗ ನಾವು ಅಳತೆ ಕೊಡದೆ ‘ಸ್ವಲ್ಪ ಅರ್ಥ ಮಾಡ್ಕೋ’ ಅನ್ನುತ್ತೇವೆ. ಎಷ್ಟು ಸ್ವಲ್ಪ?

ಹಾಳೆಯ ಮೇಲೆ ಉದ್ದಕ್ಕೆ ಗೆರೆ ಎಳೆದು 0ಯಿಂದ 10ರವರೆಗೆ ಗುರುತು ಹಾಕಿ. 0 ಎಂದರೆ ತಪ್ಪೇ ಇಲ್ಲ, 10 ಎಂದರೆ ಎಲ್ಲಕ್ಕಿಂತ ದೊಡ್ಡ ತಪ್ಪು. ಮಾವನ ತಪ್ಪು ಎಷ್ಟನೇ ಗುರುತಿಗೆ ಎಂದು ಕೇಳಿ. ಮೊದಲ ದಿನ 10ಕ್ಕೇ ಇಟ್ಟಾನು, ಇಡಲಿ. ನಾಲ್ಕು ದಿನ ಬಿಟ್ಟು, ‘ರೊಕ್ಕ ಕದ್ದು, ಇಲ್ಲ ಅಂತ ಆಣೆ ಮಾಡಿದವನನ್ನ ಎಲ್ಲಿ ಇಡ್ತಿ?’ ಎನ್ನಿ. ಆಗ ಮಾವನನ್ನು ಸರಿಸಬೇಕಾದೀತು. ಸರಿಸುವವನು ಅವನೇ ಆಗಿರಲಿ, ನೀವು ಕೈ ಹಾಕಬೇಡಿ.

ಎಲ್ಲ ನಿಯಮವನ್ನೂ ಸಡಿಲಿಸಲು ಹೋಗಬೇಡಿ ಎಂದು ಕೈ ಮುಗಿದು ಕೇಳುತ್ತೇನೆ. ತನಗೆ ಬೇಡವೆಂದರೂ ಮೈ ಮುಟ್ಟುವವರು ಯಾರೇ ಆಗಲಿ ತಪ್ಪು ಎಂಬುದು ಅವನಲ್ಲಿ ಕಲ್ಲಿನಂತೆ ಇರಬೇಕು. ‘ದೊಡ್ಡವರು, ಹೊಂದಿಕೊಂಡು ಹೋಗು’ ಎಂದು ಕಲಿಸಿದ ಮಗುವಿಗೆ ಅಲ್ಲಿ ಇಲ್ಲ ಎನ್ನಲು ಬಾಯಿ ಬರುವುದಿಲ್ಲ.

ಸರಿ, ಇಲ್ಲವೇ ತಪ್ಪು ಎಂಬ ಆ ಅಳತೆಗೋಲನ್ನು ಅವನು ತನ್ನ ಮೇಲೆ ತಿರುಗಿಸಿಕೊಂಡರೆ ಎಚ್ಚರವಿರಲಿ. ಎರಡು ಅಂಕ ಕಡಿಮೆ ಬಂದದ್ದಕ್ಕೆ ‘ನಾ ಯಾವ ಉಪಯೋಗಕ್ಕೂ ಬರಂಗಿಲ್ಲ’ ಎನ್ನತೊಡಗಿದರೆ, ಊಟ ನಿದ್ದೆ ಬಿಟ್ಟರೆ ತಡಮಾಡದೆ ಮನೋವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇನ್ನು ನಿಮ್ಮ ತಮ್ಮ. ಅವರು ಬಂದು, ‘ಬಂದೆ ಅಂದಾಗ ನಾ ಇನ್ನೂ ಹೊಸಪೇಟೆ ಬಸ್ ಸ್ಟ್ಯಾಂಡಿನ್ಯಾಗ ಇದ್ದೆ, ಹಂಗ ಅಂದದ್ದು ತಪ್ಪಾತು’ ಎಂದು ನೇರ ಹೇಳಲಿ. ಚಾಕ್ಲೇಟು ಗೀಕ್ಲೇಟು ಬೇಡ. ಮುಂದಿನ ಸಲ ‘ಆರೂವರೆ ಒಳಗ ಬರ್ತೀನಿ, ಬಸ್ ತಪ್ಪಿದ್ರ ಫೋನ್ ಮಾಡ್ತೀನಿ’ ಅನ್ನಲಿ, ಅಂದಂತೆ ಮಾಡಲಿ. ಹುಡುಗ ಅಂದೇ ಮಾತಾಡಲಿಕ್ಕಿಲ್ಲ. ಆರೂವರೆಗೆ ಬಾಗಿಲಿಗೆ ಬಂದು ನಿಂತರೂ ಸಾಕು.