ಹೆಡ್‌ಮೇಡಂ ಹಿಂದಿನ ಬೆಂಚಿನಲ್ಲಿ ಕೂತರೆ

ಪ್ರಶ್ನೆ: ನಾನು ಕುಷ್ಟಗಿ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಮುಖ್ಯ ಶಿಕ್ಷಕಿ. ನಮ್ಮವರು ತರಬೇತಿಗೆ ಹೋಗಿ ಬರುತ್ತಾರೆ, ಪಾಠ ಮಾತ್ರ ಮೊದಲಿನ ಹಾಗೇ. ನಾಲ್ಕನೇ ತರಗತಿಯ ಗಣಿತ ನೋಡಲು ಕೂತರೆ, ನನಗಿಂತ ಹಿರಿಯ ಮಾಸ್ತರು ‘ತಪ್ಪು ಹುಡುಕಾಕ ಬಂದೀರೇನು?’ ಅಂದರು. ಹೊಸ ಅತಿಥಿ ಶಿಕ್ಷಕಿಗಂತೂ ನನ್ನ ಕಂಡರೆ ಭಯ. ಏನು ಮಾಡಲಿ?

ಉತ್ತರ: ಮಾಸ್ತರ ಸಿಟ್ಟಿಗೆ ಕಾರಣ ಇದೆ ಮೇಡಂ. ನಮ್ಮ ಕಡೆ ಯಾರಾದರೂ ತರಗತಿಯಲ್ಲಿ ಬಂದು ಕೂತರೆ ಅದು ತಪಾಸಣೆ ಅಂತಲೇ ಲೆಕ್ಕ. ನಾನು ಸಿಂಧನೂರು ಕಡೆ ಸಿಆರ್‌ಪಿ (ಕೆಲವು ಶಾಲೆಗಳಿಗೆ ಹೋಗಿ ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿ) ಆಗಿದ್ದಾಗ, ಕೈಯಲ್ಲಿ ರಿಜಿಸ್ಟರ್ ಕಂಡರೆ ಸಾಕು, ಶಿಕ್ಷಕರ ದನಿಯೇ ಬದಲಾಗುತ್ತಿತ್ತು. ರಿಜಿಸ್ಟರ್ ಆಫೀಸಿನಲ್ಲೇ ಇರಲಿ. ಮೊದಲು ಅವರನ್ನೇ ನಿಮ್ಮ ಪಾಠಕ್ಕೆ ಕರೆಯಿರಿ. ‘ಸರ್, ಹಿಂದಿನ ಸಾಲಿನ ಮಕ್ಕಳಿಗೆ ಎಷ್ಟು ತಿಳೀತು, ನೋಡಿ ಹೇಳ್ರಿ’ ಅನ್ನಿ. ಹಿರಿಯರು ಇಲ್ಲ ಅನ್ನುವುದಿಲ್ಲ.

ಆಮೇಲೆ ಅವರ ತರಗತಿಗೆ ಹೋದಾಗ ಮಕ್ಕಳ ಪಕ್ಕ ಕೂತು ನೋಟ್‌ಬುಕ್ ನೋಡಿ. 52ರಲ್ಲಿ 27 ಕಳೆದು 35 ಅಂತ ಬರೆದ ಮಗು ಸಿಕ್ಕೇ ಸಿಗುತ್ತದೆ. ಯಾವಾಗಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನೇ ಕಳೆಯಬೇಕು ಅಂದುಕೊಂಡು, ಬಿಡಿ ಸ್ಥಾನದಲ್ಲಿ 7ರಿಂದ 2 ಕಳೆದಿರುತ್ತದೆ. ಅವತ್ತೇ, ಬಿಸಿಯೂಟ ಮುಗಿದ ಮೇಲೆ, ಆ ಪುಟ ಮುಂದಿಟ್ಟುಕೊಂಡು ‘ಈ ಹುಡುಗಿ ಹಿಂಗ್ಯಾಕ ಮಾಡ್ಯಾಳ ಸರ್?’ ಅಂತ ಕೇಳಿ. ಹತ್ತರ ಕಡ್ಡಿಕಟ್ಟು ಬಿಚ್ಚಿ ತೋರಿಸೋಣ ಅನ್ನುವ ಮಾತು ಅವರಿಂದಲೇ ಬರಬಹುದು. ಬರದಿದ್ದರೆ ನೀವು ಹೇಳಿ. ಮರುದಿನ ಇಬ್ಬರೂ ಸೇರಿ ಮಾಡಿ ನೋಡಿ.

ಅತಿಥಿ ಶಿಕ್ಷಕಿಯ ಕಥೆ ಬೇರೆ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಅನ್ನುವ ಚಿಂತೆ ಅವರಿಗೆ. ಹತ್ತು ಸಲಹೆ ಸುರಿದರೆ ಒಂದೂ ಉಳಿಯದು. ಪ್ರಶ್ನೆ ಕೇಳಿದ ಮೇಲೆ ಕಾಯುವುದನ್ನಷ್ಟೇ ಹೇಳಿಕೊಡಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಇದನ್ನು ಗಮನಿಸಿದ್ದರು. ಶಿಕ್ಷಕರು ಕಾಯುವುದು ಸುಮಾರು 1 ಸೆಕೆಂಡ್ ಅಷ್ಟೇ. 3 ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ನೆ ಕೂರುವ ಮಕ್ಕಳೂ ಬಾಯಿ ಬಿಡುತ್ತಾರೆ. ಎರಡು ವಾರ ಇದೊಂದೇ ಸಾಕು.

ಇನ್ನು ತರಬೇತಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆ ತರಬೇತಿ ಅನ್ನುತ್ತದೆ. ಗಂಟೆ ತುಂಬಿಸಿ ಗ್ರೂಪಿಗೆ ಫೋಟೊ ಹಾಕುವುದರಲ್ಲಿ ನಾವು ಜಾಣರು, ಅಲ್ವಾ? ಮುನಿರಾಬಾದ್ ಡಯಟ್‌ನಿಂದ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ತರಬೇತಿ ಮುಗಿಸಿ ಬಂದವರು ಅದೇ ವಾರ ಅಲ್ಲಿ ಕಲಿತ ಒಂದು ಚಟುವಟಿಕೆ ಮಾಡಲಿ, ನೀವು ಜೊತೆಗಿರಿ.

ಒಂದು ಮಾತ್ರ ನೆನಪಿರಲಿ. ನೋಟ್‌ಬುಕ್ ಮುಂದೆ ನೀವಿಬ್ಬರೂ ಆಡಿದ್ದನ್ನು, ಸುತ್ತಲ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಹೆಸರು ಹಿಡಿದು ಹೇಳಬೇಡಿ. ಹೇಳಿದರೆ ಮಾಸ್ತರು ಮತ್ತೆ ನಿಮಗೆ ನೋಟ್‌ಬುಕ್ ಕೊಡುವುದಿಲ್ಲ.