ಗಿರಾಕಿಯನ್ನು ಹಿಡಿಯೋ ಕಾನೂನೇ ಇಲ್ವಾ?

ಪ್ರಶ್ನೆ: ವೇಶ್ಯಾವಾಟಿಕೆ ನಡೆಯೋ ಲಾಡ್ಜ್ ಮೇಲೆ ದಾಳಿ ಆದಾಗ ಹೆಂಗಸರು ಸ್ಟೇಷನ್‌ನಲ್ಲಿ ಕೂತಿರ್ತಾರೆ, ಗಿರಾಕಿಗಳು ಸಂಜೆಯೊಳಗೆ ಮನೆ ಸೇರಿರ್ತಾರೆ. ದುಡ್ಡು ಕೊಟ್ಟು ಹೋಗೋರಿಗೆ ಶಿಕ್ಷೆ ಕೊಡೋ ಕಾನೂನು ನಮ್ಮಲ್ಲಿ ಇಲ್ವಾ ಮೇಡಂ?

ಇದೆ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಬಾಲಕ್ಕೆ 'ಹೊಸ ಕಾನೂನು ತನ್ನಿ' ಅನ್ನುವ ಮಾತೂ ಇರುತ್ತದೆ. ಇರುವುದನ್ನು ಬಳಸದೆ ಹೊಸದು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

1956ರ ಅನೈತಿಕ ಸಾಗಣೆ ತಡೆ ಕಾಯ್ದೆಯ 3, 4, 5ನೇ ಕಲಂಗಳು ಅಡ್ಡೆ ನಡೆಸುವವರಿಗೆ, ಆ ದುಡ್ಡಿನಲ್ಲಿ ಬದುಕುವವರಿಗೆ, ಹುಡುಗಿಯರನ್ನು ಕರೆತರುವವರಿಗೆ ಇರುವಂಥವು. ಪೊಲೀಸರು ಗಿರಾಕಿಯ ಮೇಲೂ ಇವನ್ನೇ ಹಾಕುತ್ತಾರೆ. ಆತ ಹೈಕೋರ್ಟಿಗೆ ಹೋಗುತ್ತಾನೆ. ಇವು ಗಿರಾಕಿಗೆ ಅನ್ವಯಿಸುವುದಿಲ್ಲ ಎಂದು ಕರ್ನಾಟಕ ಹೈಕೋರ್ಟ್ ಇಂಥ ಎಷ್ಟೋ ಕೇಸು ರದ್ದು ಮಾಡಿದೆ. ಕೇರಳ ಹೈಕೋರ್ಟ್ 2025ರಲ್ಲಿ 5ನೇ ಕಲಂ ಗಿರಾಕಿಗೂ ಹಾಕಬಹುದು ಎಂದಿತು. ಅದನ್ನೇ ನಂಬಿಕೊಂಡು ಇಲ್ಲಿ ಕೇಸ್ ಕಟ್ಟಬೇಡಿ.

ನಿಮಗೆ ಬೇಕಾದ ಕಲಂ ಬೇರೆ. 2013ರಲ್ಲಿ ಐಪಿಸಿಗೆ 370ಎ ಸೇರಿತು. 2024ರ ಜುಲೈ 1ರಿಂದ ಅದು ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 144ನೇ ಕಲಂ. ಮೋಸದಿಂದಲೋ ಬೆದರಿಸಿಯೋ ಸಾಗಿಸಿ ತಂದವಳು ಎಂದು ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣ ಇದ್ದೂ ಬಳಸಿಕೊಂಡವನಿಗೆ 3ರಿಂದ 7 ವರ್ಷ ಕಠಿಣ ಸಜೆ. ಸಾಗಿಸಿ ತಂದದ್ದು ಮಗುವನ್ನಾದರೆ 5ರಿಂದ 10 ವರ್ಷ, ಮೇಲೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯ್ದೆ. 'ಅವಳೇ ಒಪ್ಪಿದ್ದಳು' ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಮತ್ತೆ ಯಾಕೆ ಶಿಕ್ಷೆ ಆಗುತ್ತಿಲ್ಲ? ದಾಳಿಯ ಮಹಜರ್, ಅಂದರೆ ಪೊಲೀಸರು ಸ್ಥಳದಲ್ಲಿ ಸಾಕ್ಷಿಗಳ ಮುಂದೆ ಬರೆಯುವ ವರದಿ, ತೆಗೆದು ಓದಿ. ನಂಬರ್ ಬರೆದಿಟ್ಟ 500ರ ನೋಟು, ಎರಡು ಮೊಬೈಲ್, ಕಾಂಡೋಮ್ ಪ್ಯಾಕೆಟ್, ಪಂಚರ ಸಹಿ. ಅಷ್ಟೇ. (ಕಾಂಡೋಮನ್ನು ಅಪರಾಧಕ್ಕೆ ಸಾಕ್ಷಿ ಮಾಡಬೇಡಿ ಎಂದು ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ.) ಚಿಲಕ ಹೊರಗಡೆ ಹಾಕಿತ್ತಾ? ದುಡ್ಡು ಇಸ್ಕೊಂಡದ್ದು ಯಾರು? ಅವಳ ಫೋನ್, ಆಧಾರ್ ಯಾರ ಹತ್ತಿರ ಇತ್ತು? ಅವಳಿಗೆ ಇಲ್ಲಿಯ ಭಾಷೆ ಬರುತ್ತಾ? ಮೈಮೇಲೆ ಗಾಯ ಇತ್ತಾ? ಏಜೆಂಟ್ ಗಿರಾಕಿಗೆ ಕಳಿಸಿದ ಮೆಸೇಜಿನಲ್ಲಿ ಏನಿತ್ತು? ಇದ್ಯಾವುದೂ ಕಾಗದದಲ್ಲಿ ಇರುವುದಿಲ್ಲ. 'ನನಗೇನೂ ಗೊತ್ತಿರಲಿಲ್ಲ ಸ್ವಾಮಿ' ಎಂದು ಗಿರಾಕಿ ಕೈಮುಗಿದರೆ ಸರ್ಕಾರಿ ವಕೀಲರ ಬಳಿ ತೋರಿಸಲು ಏನೂ ಉಳಿಯುವುದಿಲ್ಲ.

ಆದ್ದರಿಂದ ಬಿಡಿಸಿಕೊಂಡು ಬಂದ ಹುಡುಗಿಯ ಜೊತೆ ನೀವು ಸ್ಟೇಷನ್‌ಗೆ ಹೋದರೆ ಇವೆಲ್ಲ ಅವಳ ಹೇಳಿಕೆಯಲ್ಲಿ ಬರುವಂತೆ ನೋಡಿಕೊಳ್ಳಿ. ಎಫ್‌ಐಆರ್ ಪ್ರತಿ ಇಸ್ಕೊಳ್ಳಿ. 144 ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳಿ, ಬರಹದಲ್ಲೇ ಕೇಳಿ.

ಒಂದು ಎಚ್ಚರಿಕೆ. ತನ್ನಿಚ್ಛೆಯಿಂದ ಈ ಕೆಲಸ ಮಾಡುವ ವಯಸ್ಕ ಹೆಂಗಸನ್ನು ಸಂತ್ರಸ್ತೆ ಎಂದು ತೋರಿಸಿ 144 ಹಾಕಿಸಬೇಡಿ. ದಾಳಿಯಲ್ಲಿ ಅಂಥವರನ್ನು ಬಂಧಿಸಬಾರದು, ದಂಡಿಸಬಾರದು ಎಂದು ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ ಶಿಫಾರಸು ಮಾಡಿತ್ತು, 2022ರ ಅದೇ ಆದೇಶದಲ್ಲಿ ಅದರ ಉಲ್ಲೇಖ ಇದೆ. ಸುಳ್ಳು ಕೇಸು ಬಿದ್ದಾಗ ನಿಜವಾದ ಕೇಸೂ ಸೊರಗುತ್ತದೆ.

ಪ್ರಶ್ನೆ: ಸ್ವೀಡನ್ ಥರ ಕಾನೂನು ತಂದ್ರೆ ಸರಿಹೋಗುತ್ತಲ್ವಾ?

ಅರ್ಧ ಮಾತ್ರ ಕೇಳುತ್ತಿದ್ದೀರಿ. 1999ರಿಂದ ಅಲ್ಲಿ ಕೊಳ್ಳುವವನು ಅಪರಾಧಿ, ಹೆಂಗಸು ಅಲ್ಲ. 2016ರಲ್ಲಿ ಫ್ರಾನ್ಸ್ ಕೂಡ ಹಾಗೇ ಮಾಡಿತು, ಆ ಕೆಲಸ ಬಿಡಲು ಬಯಸುವವರಿಗೆ ನೆರವನ್ನೂ ಸೇರಿಸಿತು. ನಮ್ಮಲ್ಲಿ ಗಿರಾಕಿಯನ್ನು ಕರೆದಳು ಎಂದು ಹೆಂಗಸನ್ನು ಶಿಕ್ಷಿಸುವ, 1956ರ ಕಾಯ್ದೆಯ 8ನೇ ಕಲಂ ಇನ್ನೂ ಇದೆ. ಅದನ್ನು ತೆಗೆದು ಗಿರಾಕಿಗೆ ಶಿಕ್ಷೆ ಕೊಡುವ ಮಸೂದೆ 2006ರಲ್ಲಿ ಬಂದಿತ್ತು, ಪಾಸಾಗಲೇ ಇಲ್ಲ. 8ನೇ ಕಲಂ ಉಳಿಸಿಕೊಂಡು ಸ್ವೀಡನ್ ಹೆಸರು ಹೇಳುವವರ ಮಾತು ನನಗೆ ಬೇಡ.

ಪ್ರಶ್ನೆ: ಇಂಥ ಜಾಗ ಮುಚ್ಚಿಸಿದ್ರೆ ರೇಪ್ ಜಾಸ್ತಿ ಆಗುತ್ತಂತೆ?

ಕೆಲವು ಹೆಂಗಸರನ್ನು ಬಲಿ ಕೊಟ್ಟು ಉಳಿದವರನ್ನು ಕಾಯಬೇಕು ಅನ್ನುವ ಈ ಮಾತನ್ನು ದಯವಿಟ್ಟು ನನಗೆ ಬರೆಯಬೇಡಿ.

ಪ್ರಶ್ನೆ: ತಮ್ಮನ ಹೆಸರು ಎಫ್‌ಐಆರ್‌ನಲ್ಲಿದೆ. ಒಬ್ಬರು 2 ಲಕ್ಷ ಕೊಟ್ರೆ ತೆಗೆಸ್ತೀನಿ ಅಂತಿದ್ದಾರೆ.

ಎಫ್‌ಐಆರ್‌ನಿಂದ ಹೆಸರು ತೆಗೆಸುವ ಏಜೆಂಟ್ ಅಂತ ಯಾರೂ ಇಲ್ಲ. ಕೊಟ್ಟರೆ ಆ ದುಡ್ಡು ಹೋಯಿತು ಅಂತಲೇ ತಿಳಿಯಿರಿ. ವಕೀಲರನ್ನು ನೋಡಿ. ಲಂಚ ಕೇಳಿದವರು ಪೊಲೀಸರೇ ಆಗಿದ್ದರೆ ಲೋಕಾಯುಕ್ತಕ್ಕೆ ದೂರು ಕೊಡಿ.